ಪರಾತದಲ್ಲಿ 7 ಮಿಲಿಮೀಟರ್, ಬಚ್ಚಲಲ್ಲಿ 13

ರಾಯಚೂರಿನಲ್ಲಿ ಬುದ್ಧಿ ಇರುವವರು ಏಪ್ರಿಲ್‌ನಲ್ಲಿ ಬಚ್ಚಲು ಒಡೆಸುವುದಿಲ್ಲ. ಕಲಸಿದ ಸಿಮೆಂಟು ಬುಟ್ಟಿಯಿಂದ ಗೋಡೆಗೆ ಹೋಗುವಷ್ಟರಲ್ಲಿ ಬಿಗಿಯುತ್ತದೆ, ಹನ್ನೊಂದು ಗಂಟೆಗೆ ಕೆಲಸಗಾರರು ಬೇವಿನ ಮರ ಹುಡುಕುತ್ತಾರೆ, ಹೊಸ ಗಾರೆಗೆ ನೀರು ಹೊಡೆಯೋಣವೆಂದರೆ ಕುಡಿಯುವ ನೀರನ್ನೇ ಎಣಿಸಿ ಬಳಸುವ ಕಾಲ. ಆದರೆ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನಿಗೆ ರಜೆ ಬರುವುದು ಆ ದಿನಗಳಲ್ಲೇ. ಅವ್ವನ ಕೋಣೆಯ ಗೋಡೆಯೂ ಇನ್ನೊಂದು ವರ್ಷ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಮನೆ ಅಪ್ಪ 1987ರಲ್ಲಿ ಕಟ್ಟಿಸಿದ್ದು. ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಮೂರಡಿ ಎತ್ತರದವರೆಗೆ ಅಂಗೈಯಗಲದ ಬಿಳಿ ಟೈಲ್ಸ್, ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ, ಅದರ ಪಕ್ಕ ಹೊತ್ತಿಸಿ ಎಷ್ಟೋ ವರ್ಷವಾದ ಹಂಡೆಯ ಒಲೆ. ಬಚ್ಚಲ ಗೋಡೆಯ ಆಚೆ ಮಗ್ಗುಲಿಗೆ ಅವ್ವನ ಕೋಣೆ. ಅಲ್ಲಿ ಮಂಚದ ತಲೆಯ ಕಡೆ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿ, ಮುಟ್ಟಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ನಾನು ಐದು ವರ್ಷದಲ್ಲಿ ಮೂರು ಸಲ ಅದನ್ನು ಕೆರೆಸಿ, ಪುಟ್ಟಿ ಹಚ್ಚಿಸಿ, ಬಣ್ಣ ಬಳಿಸಿದ್ದೇನೆ. ಜ್ವರ ಬಂದವನಿಗೆ ಪೌಡರ್ ಹಚ್ಚಿದ ಹಾಗೆ.

ಈ ಸಲ ಬಣ್ಣದವರನ್ನು ಕರೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿದೆ. ರಾತ್ರಿ 10ಕ್ಕೆ ಮನೆಯ ಎಲ್ಲ ನಲ್ಲಿ ಬಂದ್ ಮಾಡಿ, ಮಾಳಿಗೆಯ ಮೇಲಿನ ಟ್ಯಾಂಕಿನಲ್ಲಿ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆ 5ಕ್ಕೆ ಒಂದೂವರೆ ಇಂಚು ಇಳಿದಿತ್ತು. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಅಷ್ಟೆಂದರೆ ಸುಮಾರು 35 ಲೀಟರ್. ಮರುದಿನ ರಾತ್ರಿ ಬಚ್ಚಲಿಗೆ ಹೋಗುವ ವಾಲ್ವ್ ಮಾತ್ರ ಮುಚ್ಚಿ ಅದನ್ನೇ ಮಾಡಿದೆ. ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಂದರೆ ದಿನಕ್ಕೆ ನಾಲ್ಕೈದು ಬಕೆಟ್ ನೀರನ್ನು ನಮ್ಮ ಗೋಡೆ ಕುಡಿಯುತ್ತಿತ್ತು.

ಟೈಲ್ಸ್ ಅಂಗಡಿಗೆ ಹೋದದ್ದು ಇದಾದ ಮೇಲೆ. ಅಲ್ಲಿ ತೋರಿಸಿದ ಬಚ್ಚಲುಗಳಲ್ಲಿ ಒಂದರಲ್ಲೂ ಬಕೆಟ್ ಇರಲಿಲ್ಲ. ಗಾಜಿನ ಗೋಡೆ, ತಲೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಶವರ್, ಕನ್ನಡಿಯಂತೆ ಹೊಳೆಯುವ ಎರಡಡಿ ಟೈಲ್ಸ್. ನಮ್ಮ ಮನೆಯಲ್ಲಿ ನಾಲ್ಕು ಜನ. ನಾಲ್ವರೂ ಬಕೆಟ್ ತುಂಬಿಸಿ, ಕೂತು, ಚೊಂಬಿನಿಂದ ಹೊಯ್ದುಕೊಳ್ಳುವವರು. ಹಾಗೆ ಸ್ನಾನ ಮಾಡಿದರೆ ನೀರು ಒಂದು ಮೂಲೆಯಲ್ಲಿ ನಿಲ್ಲುವುದಿಲ್ಲ, ಇಡೀ ನೆಲದ ಮೇಲೆ ಓಡಾಡುತ್ತದೆ. ಗಾಜಿನ ಗೋಡೆ ಕಟ್ಟಿದರೆ ಅದರ ಮೇಲೆ ಬೋರಿನ ನೀರಿನ ಬಿಳಿ ಕಲೆ ತಿಕ್ಕುವ ಕೆಲಸವೊಂದು ಹೆಚ್ಚಾಗುತ್ತದೆ, ಅಷ್ಟೇ. ಶವರಿನದು ಇನ್ನೊಂದು ಲೆಕ್ಕ: ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ. ನಮ್ಮ ಟ್ಯಾಂಕಿನ ತಳಕ್ಕೂ ಶವರಿನ ಬಾಯಿಗೂ ಏಳೂವರೆ ಅಡಿ ಅಂತರ, ಅಂದರೆ ಕಾಲು ಕಿಲೋ ಕೂಡ ಇಲ್ಲ. ಆ ತಟ್ಟೆಯಿಂದ ಮಳೆ ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಪಂಪು ಹಾಕಿಸಿ ಎಂದರು ಅಂಗಡಿಯವರು. ನಾನು ಕೈಹಿಡಿಯ ಶವರ್ ಒಂದು ಸಾಕು ಎಂದೆ.

ನೆಲಕ್ಕೆ ಒಂದಡಿಯ, ಮೇಲ್ಮೈ ಒರಟಾದ ವಿಟ್ರಿಫೈಡ್ ಟೈಲ್ಸ್ ಆರಿಸಿದೆ. ಜಾರುವುದಿಲ್ಲ ಎನ್ನುವುದು ಒಂದು ಕಾರಣ. ಚಿಕ್ಕ ಟೈಲ್ಸ್ ಇಳಿಜಾರಿಗೆ ಒಗ್ಗುತ್ತದೆ ಎನ್ನುವುದು ಇನ್ನೊಂದು. ಎರಡಡಿಯದನ್ನು ಮೂಲೆಯ ಮೋರಿಯ ಕಡೆ ಎರಡು ದಿಕ್ಕಿಗೆ ವಾಲಿಸಬೇಕೆಂದರೆ ಕರ್ಣಕ್ಕೆ ಕತ್ತರಿಸಲೇಬೇಕು. ಗೋಡೆಗೆ ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ಸಾದಾ ಸೆರಾಮಿಕ್, ಏಳಡಿ ಎತ್ತರಕ್ಕೆ 21 ಬಾಕ್ಸ್, ನೂರಕ್ಕೆ ಹತ್ತು ಹೆಚ್ಚುವರಿ ಸೇರಿಸಿ. ಉಳಿದದ್ದನ್ನು ಹಿಂದಿರುಗಿಸಬೇಡಿ, ಅಟ್ಟದ ಮೇಲೆ ಇಡಿ. ಐದು ವರ್ಷದ ನಂತರ ಒಂದು ಟೈಲ್ಸ್ ಒಡೆದರೆ ಅದೇ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಒಡೆಯುವ ದಿನ ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. "ಅಡುಗೆಮನೆ ಬೇಕಾದರೂ ಒಡೆಯಿರಿ, ಆ ಕಲ್ಲು ಒಡೆಯಬೇಡಿ" ಎಂದು ಗೌಂಡಿಗೆ ಹೇಳಿದಳು. ತೊಟ್ಟಿಯ ಮುಂದಿನ, ಮೂರಡಿ ಉದ್ದದ ಶಹಾಬಾದ್ ಕಲ್ಲು ಅದು. ಮೂವತ್ತೇಳು ವರ್ಷ ಅದರ ಮೇಲೆ ಬಟ್ಟೆ ಒಗೆದು, ಮಕ್ಕಳನ್ನು ಕೂರಿಸಿ ಎಣ್ಣೆ ತಿಕ್ಕಿ, ನಡುವೆ ತುಸು ತಗ್ಗು ಬಿದ್ದಿತ್ತು. ಗೌಂಡಿ ಅರವತ್ತರ ಹತ್ತಿರದವರು; ಬ್ರೇಕರ್ ಯಂತ್ರವನ್ನು ಬದಿಗಿಟ್ಟು, ಉಳಿ ಸುತ್ತಿಗೆ ಹಿಡಿದು ಮುಕ್ಕಾಲು ಗಂಟೆ ಕೂತು, ಅಂಚು ಚೂರು ಮುಕ್ಕಾಗದಂತೆ ಅದನ್ನು ಎಬ್ಬಿಸಿದರು.

ಗೋಡೆ ಬಿಚ್ಚಿದಾಗ ಕಳ್ಳ ಸಿಕ್ಕ. ಹಳೆಯ ಜಿಐ (ಸತು ಲೇಪದ ಕಬ್ಬಿಣ) ಪೈಪು ಮೂಲೆ ತಿರುಗುವ ಎಲ್ಬೋ ತುಕ್ಕು ತಿಂದು ಜರಡಿಯಾಗಿತ್ತು. ಕತ್ತರಿಸಿ ತೆಗೆದ ಪೈಪಿನ ತುಂಡಿನೊಳಗೆ ಪೆನ್ಸಿಲ್ ತೂರಿಸಿ ನೋಡಿದೆ, ಹೋಗಲಿಲ್ಲ. ಪೆನ್ನಿನ ರೀಫಿಲ್ ಹೋಯಿತು. ಅರ್ಧ ಇಂಚಿನ ಪೈಪು! ಒಳಗೆ ಮರದ ಕಾಂಡದ ಉಂಗುರಗಳಂತೆ ಕಂದು ಪದರ, ಬಿಳಿ ಪದರ, ಮತ್ತೆ ಕಂದು. ಚೂರನ್ನು ಕೆರೆದು, ನೀರಿಗೆ ತುಸು ಆಸಿಡ್ ಬೆರೆಸಿ ಅದರ ಮೇಲೆ ಬಿಟ್ಟೆ. ಸೋಡಾದಂತೆ ನೊರೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದೊಳಗಿನ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೀಗೆ ಸುಣ್ಣವಾಗಿ ಕೂರುತ್ತದೆ ಎಂದು ಇಪ್ಪತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಗೀಸರೇ ಬೇಕೆಂದಿಲ್ಲ, ನಮ್ಮ ಊರಿನ ಬಿಸಿಲಲ್ಲಿ ಟ್ಯಾಂಕೇ ಮಧ್ಯಾಹ್ನ ಕಾದ ಹಂಡೆಯಾಗಿರುತ್ತದೆ.

ಮೀಟರ್ ಅದ್ದಿ ನೋಡಿದಾಗ ಬೋರಿನ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 1320, ನದಿಯ ನಲ್ಲಿ ನೀರಿನದು 290. ಕುಡಿಯುವ ನೀರಿಗೆ ಭಾರತೀಯ ಮಾನಕದ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಗತಿ ಇಲ್ಲದಿದ್ದರೆ 2000. ಹಾಗಾಗಿ ಎರಡು ಟ್ಯಾಂಕು, ಎರಡು ಲೈನು ಮಾಡಿಸಿದೆ: ಫ್ಲಶ್‌ಗೆ ಮತ್ತು ನೆಲ ತೊಳೆಯುವ ನಲ್ಲಿಗೆ ಬೋರು, ಗೀಸರಿಗೆ ಮತ್ತು ಸ್ನಾನಕ್ಕೆ ನದಿಯ ನೀರು. ಪೈಪಿಗೆ ನಾಲ್ಕು ಸಾವಿರ ಹೆಚ್ಚು ಬಿತ್ತು. ಇಡೀ ಕೆಲಸದಲ್ಲಿ ನಾನು ಒಂದು ಕ್ಷಣವೂ ಯೋಚಿಸದೆ ಕೊಟ್ಟ ಹಣ ಅದೊಂದೇ.

ಗೋಡೆಯ ಕಳ್ಳನಿಗೆ ನೆಲದೊಳಗೊಬ್ಬ ಜೊತೆಗಾರನಿದ್ದ. ಕಲ್ಲೆಬ್ಬಿಸಿ ಒಂದಡಿ ಅಗೆದರೆ ಎರೆ ಮಣ್ಣು, ಹತ್ತಿ ಬೆಳೆಯುವ ಅದೇ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ್ದ ಸುಟ್ಟ ಮಣ್ಣಿನ ಸ್ಟೋನ್‌ವೇರ್ ಪೈಪಿನ ಸಂದುಗಳಿಗೆ ಆಗಿನವರು ಸಿಮೆಂಟು ಕಟ್ಟಿದ್ದರು. ಮಣ್ಣು ಕುಣಿದಿದೆ, ಸಿಮೆಂಟು ಕುಣಿಯಲಾರದೆ ಸೀಳಿದೆ. ಎರಡು ಸಂದು ಬೆರಳಗಲ ಬಾಯಿ ಬಿಟ್ಟಿದ್ದವು. ಬಚ್ಚಲ ನೀರಿನಲ್ಲಿ ಒಂದು ಪಾಲು ಹೊರಗಿನ ಮೋರಿಯವರೆಗೆ ಹೋಗುತ್ತಲೇ ಇರಲಿಲ್ಲ.

ಎರಡಡಿ ಎರೆ ಮಣ್ಣು ತೆಗೆಸಿ ಹಿತ್ತಿಲಲ್ಲಿ ಗುಡ್ಡೆ ಹಾಕಿಸಿದೆ. ಗರಸು ತುಂಬಿಸಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿಸಿದೆ. ಹೊಸ ಪಿವಿಸಿ ಪೈಪನ್ನು, ಕಮೋಡಿಗೆ 110 ಮಿಲಿಮೀಟರಿನದು, ನೆಲದ ನೀರಿಗೆ 75ರದು, ಉಸುಕಿನ ಹಾಸಿನ ಮೇಲೆ ಮಲಗಿಸಿ, ಸಂದಿಗೆ ಅಂಟಿನ ಬದಲು ರಬ್ಬರ್ ರಿಂಗ್ ಹಾಕಿಸಿದೆ. ಪ್ಲಂಬರ್ ಹುಡುಗ ಪ್ರತಿ ಪೈಪನ್ನು ಪೂರ್ತಿ ಒಳಗೆ ತಳ್ಳಿ, ಗುರುತು ಹಾಕಿ, ಮತ್ತೆ ಒಂದು ಸೆಂಟಿಮೀಟರ್ ಹಿಂದಕ್ಕೆ ಎಳೆಯುತ್ತಿದ್ದ. "ಅಲುಗಾಡಲು ಜಾಗ ಸರ್" ಎಂದ. ಆ ಒಂದು ಮಾತಿಗೇ ಅವನ ಕೂಲಿ ಚೌಕಾಶಿ ಮಾಡುವುದನ್ನು ಬಿಟ್ಟೆ.

ಹಾಗೆಂದು ಎಲ್ಲವೂ ಸರಿಯಾಗಲಿಲ್ಲ. ಕಮೋಡಿನ ಪೆಟ್ಟಿಗೆಯ ಮೇಲೆ ಎಸ್ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ, ನೆಲಕ್ಕೆ ಇಳಿಯುವ ಬಾಗು ಕೊಳವೆ), 9 ಇಂಚು ಎಂದು ಬರೆದಿರುತ್ತದೆ. ಗೋಡೆಯಿಂದ ನೆಲದ ಪೈಪಿನ ಮಧ್ಯದವರೆಗೆ ಅಷ್ಟು ಅಂತರ ಬೇಕು. ಹುಡುಗ ಟೇಪು ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ, 9 ಇಂಚು ಸರಿಯಾಗಿ ಬಂತು, ಕಾಂಕ್ರೀಟು ಹಾಕಿದೆವು. ಆ ರಾತ್ರಿ ಮಲಗಿದಾಗ ಹೊಳೆಯಿತು: ನಾವು ಅಳೆದದ್ದು ಬರಿಯ ಇಟ್ಟಿಗೆಯಿಂದ. ಅದರ ಮೇಲೆ 15 ಮಿಲಿಮೀಟರ್ ಗಾರೆ, ಮತ್ತೆ ಅಂಟು, ಟೈಲ್ಸ್ ಸೇರಿ ಇನ್ನೊಂದು 12. ಇಂಚಿಗಿಂತ ಹೆಚ್ಚು ಹೋಗಿ ಉಳಿಯುವುದು 8 ಇಂಚೂ ಇಲ್ಲ. ಕಮೋಡಿನ ತೊಟ್ಟಿ ಗೋಡೆಯೊಳಗೆ ಕೂರಬೇಕಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ ನಾನೇ ಉಳಿ ಹಿಡಿದು ನಿಂತಿದ್ದೆ. ಕಾಂಕ್ರೀಟು ಇನ್ನೂ ಹಸಿ ಇತ್ತು, ಅದೊಂದು ಪುಣ್ಯ. ಒಂದು ದಿನ, ಒಂದು ಚೀಲ ಸಿಮೆಂಟು, ಮತ್ತು ಮನೆಯವಳ ಒಂದು ನೋಟ ಖರ್ಚಾಯಿತು.

ನೀರಿನ ಲೈನಿಗೆ ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು. ಅಂಟು ಹಾಕಿ ಒಂದು ದಿನ ಬಿಟ್ಟು, ಎಲ್ಲ ಬಾಯಿಗಳಿಗೆ ಮುಚ್ಚಳ ಹಾಕಿ ಕೈಪಂಪಿನಿಂದ 7 ಕಿಲೋ ಒತ್ತಡ ಏರಿಸಿ, ಮುಳ್ಳು ರಾತ್ರಿಯಿಡೀ ಕದಲಲಿಲ್ಲ ಎಂದು ನೋಡಿಯೇ ಗೋಡೆ ಮುಚ್ಚಿಸಿದೆ. ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ, ಟೇಪು ಕಾಣುವ ಹಾಗೆ. ಮುಂದೆ ಕಂಬಿ ಕೂರಿಸಲು ರಂಧ್ರ ಕೊರೆಯುವಾಗ ಅದೇ ನಕ್ಷೆಯಾಯಿತು.

ಇನ್ನು ನೀರು ನಿಲ್ಲಿಸುವ ಪರೀಕ್ಷೆ. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನೇ ಎಲ್ಲರೂ ಬಿಡುತ್ತಾರೆ.

ನೆಲಕ್ಕೆ ಮತ್ತು ಸುತ್ತ ಗೋಡೆಗೆ ಒಂದಡಿ, ಸ್ನಾನದ ಕಡೆ ಐದಡಿ, ಅವ್ವನ ಕೋಣೆಯ ಗೋಡೆಗೆ ಪೂರ್ತಿ ವಾಟರ್‌ಪ್ರೂಫ್ ಲೇಪ ಹಚ್ಚಿದೆವು. ಪುಡಿ ಮತ್ತು ಹಾಲಿನಂಥ ದ್ರವ ಬೆರೆಸುವ ತರಹದ್ದು. ಮೂಲೆಗಳಿಗೆ ಫೈಬರ್ ಜಾಲರಿ, ಮೊದಲ ಕೈ ಅಡ್ಡ, ಎರಡನೆಯ ಕೈ ಉದ್ದ. ಅದು ಗಟ್ಟಿಯಾದ ಮೇಲೆ ಮೋರಿಯ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ ಸಿಮೆಂಟು ಬಳಿದು, ಕಮೋಡಿನ ಪೈಪಿಗೆ ಮುಚ್ಚಳ ಬಿಗಿದು, ಬಾಗಿಲಿಗೆ ಇಟ್ಟಿಗೆಯ ಕಟ್ಟೆ ಕಟ್ಟಿ ನೀರು ತುಂಬಿಸಿದೆವು. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ 48 ಗಂಟೆ ಬಿಡಬೇಕು.

"ಈ ಬಿಸಿಲಿಗೆ ನೀರು ಇಳಿಯದೆ ಇರುತ್ತದೆಯೇ ಸರ್, ಆರಿ ಹೋಗುತ್ತದೆ. ನಿಮಗೆ ಸೋರಿತೋ ಆರಿತೋ ಹೇಗೆ ಗೊತ್ತಾಗುತ್ತದೆ?" ಎಂದು ಗೌಂಡಿ ನಕ್ಕರು. ಪ್ರಶ್ನೆ ಸರಿಯಾಗಿತ್ತು. ಅಡುಗೆಮನೆಯಿಂದ ಹಿಟ್ಟು ನಾದುವ ಸ್ಟೀಲ್ ಪರಾತ ತಂದು, ಅಲ್ಲೇ ಒಂದು ಇಟ್ಟಿಗೆಯ ಮೇಲಿಟ್ಟು, ಅದಕ್ಕೂ ನೀರು ತುಂಬಿ ಗೆರೆ ಹಾಕಿದೆ. ಅದೇ ಕೋಣೆ, ಅದೇ ಸೆಕೆ. ಪರಾತ ಸೋರುವುದಿಲ್ಲ, ಆರುವುದಷ್ಟೇ.

ಎರಡು ದಿನದ ನಂತರ ಪರಾತದಲ್ಲಿ 7 ಮಿಲಿಮೀಟರ್ ಇಳಿದಿತ್ತು. ಬಚ್ಚಲಲ್ಲಿ 13.

ಗೌಂಡಿಯ ನಗು ನಿಂತಿತು. ಬಟ್ಟೆ ತುರುಕಿದ ಕಡೆಯಿಂದ ಹೋಗಿರಬೇಕು ಎಂದರು. ಹಾಗೆ ಹೋಗಿದ್ದರೆ ಆ ನೀರು ಪೈಪಿನಲ್ಲಿ ಹರಿದು ಹೊರಗಿನ ಚೇಂಬರಿಗೆ ಬರಬೇಕಿತ್ತು. ಮುಚ್ಚಳ ತೆಗೆದು ನೋಡಿದರೆ ಪೈಪಿನ ಬಾಯಿಯಲ್ಲಿ ಧೂಳು ಕೂತಿತ್ತು, ಪಸೆ ಇಲ್ಲ. ಸರಿ, ಎಲ್ಲಿ? ಹಿತ್ತಿಲಲ್ಲಿ ಎರೆ ಮಣ್ಣಿನ ಗುಡ್ಡೆ ಇದ್ದೇ ಇತ್ತು. ನಾಲ್ಕು ಬೊಗಸೆ ತಂದು, ನೀರು ಬೆರೆಸಿ ಜಿಗುಟು ಮಾಡಿ, ಟ್ರ್ಯಾಪಿನ ಸುತ್ತ ಬಳೆಯಂತೆ ಗೇಣೆತ್ತರದ ಕಟ್ಟೆ ಕಟ್ಟಿದೆ. ಒಳಗಿನ ನೀರನ್ನು ಚೊಂಬಿನಿಂದ ಮೊಗೆದು ಬಟ್ಟೆಯಿಂದ ಒರೆಸಿದೆ, ಹೊರಗೆ ತುಂಬಿಸಿದೆ. ಒಂದು ದಿನ ಕಳೆದ ಮೇಲೆ ಹೊರಗಿನ ನೀರೂ ಪರಾತದ ನೀರೂ ಒಂದೇ ಅಳತೆಗೆ ಇಳಿದಿದ್ದವು. ಅಂದರೆ ಕಟ್ಟೆಯ ಹೊರಗಿನ ನೆಲವೆಲ್ಲ ಭದ್ರ, ತಪ್ಪು ಇರುವುದು ಆ ಬಳೆಯೊಳಗೆ. ನಮ್ಮ ಪೈಪು ಸೀಳಿದ ಮಣ್ಣೇ ನೀರು ಹಿಡಿದು ನಿಲ್ಲಿಸುವುದರಲ್ಲಿ ಇಷ್ಟು ಚೊಕ್ಕ.

ಟ್ರ್ಯಾಪಿನ ಪ್ಲಾಸ್ಟಿಕ್ ಕುತ್ತಿಗೆಗೂ ಕಾಂಕ್ರೀಟಿಗೂ ನಡುವೆ ಉಗುರು ಹೋಗುವಷ್ಟು ಸಂದು ಬಿಟ್ಟಿತ್ತು. ಪ್ಲಾಸ್ಟಿಕ್ಕನ್ನು ಸಿಮೆಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸುತ್ತ ಒಂದು ಇಂಚು ತೋಡಿ, ಕುಗ್ಗದ ಗ್ರೌಟ್ ತುಂಬಿ, ಕುತ್ತಿಗೆಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಜಾಲರಿ ಸುತ್ತಿ ಮತ್ತೆ ಎರಡು ಕೈ ಲೇಪ. ಮತ್ತೆ ನೀರು. ಈ ಸಲ ಪರಾತ 7, ಬಚ್ಚಲು 7. ಒಟ್ಟು ಆರು ದಿನ ಹಿಡಿಯಿತು. ನಡುವೆ ಪರಾತವಿಲ್ಲದೆ ಮನೆಯಲ್ಲಿ ಚಪಾತಿ ಬಂದ್ ಆಗಿತ್ತು, ಅನ್ನ ಉಂಡೆವು.

ಟೈಲ್ಸ್ ಹಚ್ಚುವಾಗ ಗೌಂಡಿಗೂ ನನಗೂ ಎರಡು ಜಗಳ. ಮೊದಲನೆಯದು ಅವರು ಟೈಲ್ಸನ್ನೆಲ್ಲ ಡ್ರಮ್ಮಿನ ನೀರಿನಲ್ಲಿ ನೆನೆಹಾಕಿದ್ದಕ್ಕೆ. ಸಿಮೆಂಟಿನಿಂದ ಹಚ್ಚುವುದಾದರೆ ಅದು ಸರಿ: ಗೋಡೆಯ ಸೆರಾಮಿಕ್ ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುತ್ತದೆ, ಒಣದಾಗಿದ್ದರೆ ಸಿಮೆಂಟಿನ ನೀರನ್ನೇ ಕುಡಿದುಬಿಡುತ್ತದೆ. ಆದರೆ ನಾವು ತಂದದ್ದು ಟೈಲ್ಸ್ ಅಂಟು. ಅದಕ್ಕೆ ಒಣ ಬೆನ್ನೇ ಬೇಕು. "ಮೂವತ್ತು ವರ್ಷದಿಂದ ನೆನೆಸಿದ್ದೇನೆ" ಎಂದರು. ಚೀಲದ ಮೇಲಿನ ಸೂಚನೆ ಓದಿ ಹೇಳಿದೆ. ಅವರು ಮಾತಾಡದೆ ಡ್ರಮ್ಮು ಬಗ್ಗಿಸಿ ಆ ನೀರನ್ನು ನುಗ್ಗೆ ಗಿಡಕ್ಕೆ ಹಾಕಿಸಿದರು. ಮರುದಿನ ಅವರು ನನಗೊಂದು ಕಲಿಸಿದರು: ಗೋಡೆಗೆ ಬಳಿದ ಅಂಟಿಗೆ ಬೆರಳು ತಾಗಿಸಿ, ಬೆರಳಿಗೆ ಹತ್ತದಿದ್ದರೆ ಕೆರೆದು ಬಿಸಾಡುವುದು. ನಲವತ್ತೆರಡು ಡಿಗ್ರಿಯಲ್ಲಿ ಚೀಲದ ಮೇಲಿನ ನಿಮಿಷಗಳ ಲೆಕ್ಕ ನಡೆಯುವುದಿಲ್ಲ. ಎರಡು ಟೈಲ್ಸಿಗೆ ಸಾಕಾಗುವಷ್ಟೇ ಬಳಿಯುತ್ತಿದ್ದರು, ಬೆಳಿಗ್ಗೆ ಆರರಿಂದ ಹತ್ತೂವರೆವರೆಗೆ ಮಾತ್ರ.

ಎರಡನೆಯ ಜಗಳ ಇಳಿಜಾರಿನದು. ಬಾಗಿಲಿಂದ ಮೋರಿಯ ಮೂಲೆಗೆ 2.4 ಮೀಟರ್, 4 ಸೆಂಟಿಮೀಟರ್ ಇಳಿಸಬೇಕೆಂದು ನಾನು, ಎರಡು ಸಾಕೆಂದು ಅವರು. ಹೆಚ್ಚು ಇಳಿಸಿದರೆ ನೋಡಲು ಓರೆ ಕಾಣುತ್ತದೆ, ನಾಳೆ ಬಂದವರು ಗೌಂಡಿಯ ಹೆಸರು ಹೇಳಿ ನಗುತ್ತಾರೆ ಎನ್ನುವುದು ಅವರ ಸಂಕಟ. ದಾರ ಕಟ್ಟಿ, ಲೆವೆಲ್ ಪೈಪು ಹಿಡಿದು, ಕೊನೆಗೆ ಮೂರೂವರೆಗೆ ರಾಜಿಯಾಯಿತು. ಬಾಗಿಲಲ್ಲಿ ಹಳೆಯ ಎರಡು ಇಂಚಿನ ಹೊಸಿಲು ತೆಗೆಸಿದೆ. ಅವ್ವನಿಗೆ ಮಂಡಿ ಎತ್ತುವುದು ಕಷ್ಟ. ಅದರ ಬದಲು ಬಚ್ಚಲ ನೆಲವೇ ಹೊರಗಿನ ನೆಲಕ್ಕಿಂತ ಅರ್ಧ ಇಂಚು ಕೆಳಗೆ. ಎಲ್ಲ ಹಚ್ಚಿದ ಮೇಲೆ ಐದು ರೂಪಾಯಿ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿದೆ. ಮೂರು ಟೊಳ್ಳೆಂದವು, ಕೀಳಿಸಿ ಮತ್ತೆ ಹಚ್ಚಿಸಿದೆ. ಟೈಲ್ಸಿನ ಸಂದಿಗೆ ಎಪಾಕ್ಸಿ, ಅಂದರೆ ರಾಳದ ಗ್ರೌಟ್. ದುಬಾರಿ, ಆದರೆ ಬೋರಿನ ನೀರಿಗೆ ಸಿಮೆಂಟಿನ ಬಿಳಿ ಸಂದು ಆರು ತಿಂಗಳಲ್ಲಿ ಚಹಾದ ಬಣ್ಣವಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೇನೆ.

ವಿದ್ಯುತ್ತಿನದು ಬೇಗ ಮುಗಿಯಿತು. 2000 ವಾಟಿನ ಗೀಸರ್ 230 ವೋಲ್ಟಿಗೆ 8.7 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್, 2.5 ಚದರ ಮಿಲಿಮೀಟರಿನ ತಂತಿ, ಸ್ವಿಚ್ಚು ಬಾಗಿಲ ಹೊರಗೆ, ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹಳೆಯ ವೈರಿಂಗಿನಲ್ಲಿ ಬಚ್ಚಲಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲ. ಇಷ್ಟು ವರ್ಷ ಅಲ್ಲಿ ಹೀಟರ್ ಕಡ್ಡಿ ಅದ್ದಿ ನೀರು ಕಾಯಿಸಿದ್ದೇವೆ.

ಕೊನೆಯಲ್ಲಿ ಆ ಕಲ್ಲು. ಮೋರಿಯ ಎದುರಿನ ಗೋಡೆಗೆ ಇಟ್ಟಿಗೆಯ ಎರಡು ಗಿಡ್ಡ ಕಾಲು ಕಟ್ಟಿ, 17 ಇಂಚು ಎತ್ತರಕ್ಕೆ ಅದನ್ನು ಕೂರಿಸಿದೆವು. ತಗ್ಗು ಮೇಲೆ, ಮುಂದಿನ ಅಂಚು ಉಜ್ಜಿ ಗುಂಡಗೆ, ನೀರು ನಿಲ್ಲದಂತೆ ಮುಂದಕ್ಕೆ ತುಸು ವಾಲಿಸಿ. ಅವ್ವ ಅದರ ಮೇಲೆ ಕುಳಿತ ಮೇಲೆಯೇ ಉಳಿದದ್ದನ್ನೆಲ್ಲ ಅಳೆದದ್ದು: ಬಲಗೈ ಚಾಚಿದಾಗ ಸಿಗುವಲ್ಲಿ ನಲ್ಲಿ, ಬಕೆಟ್ ಇಡಲು ಅದರ ಪಕ್ಕ ಅದೇ ಎತ್ತರದ ಕಟ್ಟೆ, ಏಳುವಾಗ ಹಿಡಿಯಲು ಎಡಗಡೆ ಸ್ಟೀಲ್ ಕಂಬಿ. ಕಂಬಿಗೆ ಪ್ಲಾಸ್ಟಿಕ್ ಗಟ್ಟ ಸಾಕೆಂದ ಹುಡುಗನಿಗೆ ಬೇಡವೆಂದು, ಇಟ್ಟಿಗೆಯೊಳಗೆ ಮೂರು ಇಂಚು ಹೋಗುವ ಆಂಕರ್ ಬೋಲ್ಟ್ ಹಾಕಿಸಿ, ನಾನೇ ಜೋತುಬಿದ್ದು ನೋಡಿದೆ. ನನ್ನ ತೂಕ 78.

ಒಟ್ಟು 29 ದಿನ, 1 ಲಕ್ಷ 34 ಸಾವಿರ ರೂಪಾಯಿ. ಅಂದಾಜು ಹಾಕಿದ್ದು 18 ದಿನ, 95 ಸಾವಿರ. ಹೆಚ್ಚಾದ ಹಣದಲ್ಲಿ ಬಹುಪಾಲು ನೆಲದ ಕೆಳಗಿದೆ, ಬಂದ ನೆಂಟರಿಗೆ ತೋರಿಸಲಾಗುವುದಿಲ್ಲ. ಅವ್ವನ ಕೋಣೆಯ ಗೋಡೆಯನ್ನು ಕೆರೆಸಿ ಹಾಗೇ ಬಿಟ್ಟಿದ್ದೇನೆ. ಒಳಗಿನ ಪಸೆ ಆರುವ ತನಕ ಬಣ್ಣ ಬಳಿಯುವುದಿಲ್ಲ.

ಮೊದಲ ದಿನ ಅವ್ವ ಸ್ನಾನ ಮುಗಿಸಿ ಬಂದ ಮೇಲೆ ಒಳಗೆ ಹೋಗಿ ನೋಡಿದೆ. ನೀರೆಲ್ಲ ಮೋರಿ ಸೇರಿತ್ತು. ಕಮೋಡಿನ ಹಿಂದೆ, ಗೋಡೆಯ ಬುಡದಿಂದ ಎರಡನೆಯ ಟೈಲ್ಸಿನ ಮೇಲೆ ಮಾತ್ರ ಒಂದು ಚಮಚದಷ್ಟು ನೀರು ನಿಂತಿತ್ತು. ಗೌಂಡಿಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, ಹೊರಗೆ ಹೋಗಿ ಒಂದು ಬೀಡಿ ಸೇದಿ, ಹತ್ತು ನಿಮಿಷದ ನಂತರ ನನ್ನನ್ನು ಕರೆದರು. "ಈಗ ನೋಡಿ ಸರ್, ಎಲ್ಲಿದೆ?" ಆರಿಹೋಗಿತ್ತು. ಆ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿಟ್ಟಿದ್ದೇನೆ. ಜುಲೈ ಬರಲಿ.